ಸರ್ಕಾರಿ ಡಿಪ್ಲೊಮಾ, ಖಾಸಗಿ ಬಿಇ: ಎರಡೂ ಕಡೆ ಓದಿದ ಮೇಲೆ

ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿಗೆ ಹೋಗದೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದೆ. ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಬಿಇ ಪ್ರವೇಶ ಪರೀಕ್ಷೆ) ಬರೆದು ಖಾಸಗಿ ಕಾಲೇಜಿನ ಸರ್ಕಾರಿ ಸೀಟಿನಲ್ಲಿ ನೇರ ಬಿಇ ಎರಡನೇ ವರ್ಷಕ್ಕೆ ಸೇರಿದೆ.

ಕೈಕೆಲಸ ಕಲಿತದ್ದು ಪಾಲಿಟೆಕ್ನಿಕ್‌ನಲ್ಲೇ. ಅತಿಥಿ ಉಪನ್ಯಾಸಕರು ಸೆಮಿಸ್ಟರ್ ಅರ್ಧ ಕಳೆದ ಮೇಲೆ ಬರುತ್ತಿದ್ದರು, ನಿಜ. ಆದರೆ ಲೇತ್ ಯಂತ್ರದ ಮುಂದೆ ನಿಲ್ಲಿಸಿದರೆ ಕೊಟ್ಟ ಕೆಲಸ ಮುಗಿಸದೆ ಬಿಡುತ್ತಿರಲಿಲ್ಲ. ಬಿಇ ಲ್ಯಾಬಿನಲ್ಲಿ ಮೆಷಿನ್ ಹೊಸದು, ಮುಟ್ಟುವವನು ಒಬ್ಬ. ಉಳಿದವರೆಲ್ಲ ರೆಕಾರ್ಡ್ ಬರೆಯುವವರು. ಗಣಿತದಲ್ಲಿ ಮಾತ್ರ ಪಿಯುಸಿಯವರು ನಮ್ಮನ್ನು ಬಹಳ ಹಿಂದೆ ಹಾಕುತ್ತಾರೆ. ನಮ್ಮಂತೆ ನೇರ ಎರಡನೇ ವರ್ಷಕ್ಕೆ ಬಂದ ಲ್ಯಾಟರಲ್‌ನವರಿಗೆಂದೇ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹೆಚ್ಚುವರಿ ಗಣಿತ ಪತ್ರಿಕೆ ಇಟ್ಟಿತ್ತು. ಅದಕ್ಕೆ ಕ್ರೆಡಿಟ್ ಇರಲಿಲ್ಲ, ಪಾಸಾಗದೆ ಬಿಡುವಂತೆಯೂ ಇರಲಿಲ್ಲ!

ಫೀಸಿನ ಅಂತರ ಎಲ್ಲರಿಗೂ ಗೊತ್ತು. ಯಾರೂ ಹೇಳದ ವಿಷಯ, ಆ ಹಣ ಯಾವಾಗ ಕಟ್ಟಬೇಕು ಅನ್ನೋದು. ರೈತರ ಮಕ್ಕಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿ 2021ರಲ್ಲಿ ಶುರುವಾದಾಗ ನಾನು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೆ. ಆಗ ಡಿಪ್ಲೊಮಾ ಹುಡುಗಿಯರಿಗೆ ವರ್ಷಕ್ಕೆ 3,000, ಹುಡುಗರಿಗೆ 2,500 ರೂಪಾಯಿ. ಅಲ್ಲಿನ ಫೀಸಿಗೆ ಅದೇ ದೊಡ್ಡ ಆಸರೆ. ಬಿಇಗೆ ಬಂದಾಗ ಅದು 11,000 ಆಯಿತು, ಹುಡುಗರಿಗೆ 10,000. ಮೊತ್ತ ಏರಿದರೂ ಇಲ್ಲಿ ಅದು ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕಕ್ಕೆ ಕರಗಿಹೋಗುತ್ತಿತ್ತು.

ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದ ಶುಲ್ಕ ವಿನಾಯಿತಿಯೂ ಅಷ್ಟೇ. ಅರ್ಜಿ ಎರಡೂ ಕಡೆ ಒಂದೇ, ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಒಂದೇ. ಪಾಲಿಟೆಕ್ನಿಕ್ ಆಫೀಸಿನವರು "ಬಂದಾಗ ನೋಡೋಣ ಕಣಮ್ಮ" ಅಂದು ಹಾಲ್ ಟಿಕೆಟ್ ಕೊಟ್ಟರು. ಖಾಸಗಿ ಕಾಲೇಜಿನಲ್ಲಿ ಪೂರ್ತಿ ಕಟ್ಟು, ಸ್ಕಾಲರ್‌ಶಿಪ್ ಬಂದರೆ ನಿನ್ನ ಖಾತೆಗೇ ಬರುತ್ತದಲ್ಲ ಅಂದರು. ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿದರು. ವಿನಾಯಿತಿ ಹಣ ಬರುವ ಹೊತ್ತಿಗೆ ಮುಂದಿನ ವರ್ಷದ ಫೀಸಿನ ನೋಟಿಸ್ ಬೋರ್ಡಿಗೆ ಬಿದ್ದಿತ್ತು.

ಪ್ಲೇಸ್‌ಮೆಂಟ್‌ಗೆ ಬಿಇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೂ ಮನೆಯಲ್ಲಿ ಕೈಗಡ ಮಾಡದೆ ಫೀಸು ಕಟ್ಟಲಾಗದು ಅನ್ನುವವರಿಗೆ ನಾನು ಮೊದಲು ಡಿಪ್ಲೊಮಾನೇ ಹೇಳುತ್ತೇನೆ. ಬಿಇಗೇ ಹೋಗುವುದಾದರೆ ಸೀಟು ಒಪ್ಪಿಕೊಳ್ಳುವ ಮುಂಚೆ, ಸ್ಕಾಲರ್‌ಶಿಪ್ ಬರುವವರೆಗೆ ಕಾಯುತ್ತೀರಾ ಅಂತ ಅಕೌಂಟ್ಸ್ ಸೆಕ್ಷನ್‌ನಲ್ಲಿ ಕೇಳಿಬಿಡಿ. ಹಾಗೇ ಬ್ಯಾಂಕಿಗೂ ಹೋಗಿ ಆಧಾರ್ ಯಾವ ಖಾತೆಗೆ ಜೋಡಣೆ (ಸೀಡ್) ಆಗಿದೆ ನೋಡಿಕೊಳ್ಳಿ. ಹಣ ಬೀಳುವುದು ಅದಕ್ಕೇ.