ಕಾರು ವಿಮೆ ನವೀಕರಣ: ಪರದೆಯ ಮೇಲಿನ ಅಗ್ಗದ ದರ ಯಾವುದರ ದರ?

ಕಾರಿನ ವಿಮೆಗೆ ಅತಿ ಕಡಿಮೆ ದರ ಹುಡುಕುವುದು ಎರಡು ನಿಮಿಷದ ಕೆಲಸ ಎಂದು ಜಾಹೀರಾತುಗಳು ಹೇಳುತ್ತವೆ. ದರಗಳು ಎರಡು ನಿಮಿಷದಲ್ಲಿ ಕಣ್ಣಿಗೆ ಬೀಳುವುದೇನೋ ಹೌದು. ಆದರೆ ಕಣ್ಣಿಗೆ ಬಿದ್ದ ಆ ದರಗಳು ಒಂದೇ ಸರಕಿನ ದರಗಳಾಗಿರುವುದಿಲ್ಲ, ಮತ್ತು ಅವು ಬೇರೆ ಬೇರೆ ಸರಕಿನವು ಎಂದು ಯಾರೂ ತಾವಾಗಿ ಹೇಳುವುದಿಲ್ಲ. ಬೆಂಗಳೂರಿನ ಕೆಎ-05 ನೋಂದಣಿಯ, 2019ರಲ್ಲಿ ಕೊಂಡ, 1197 ಸಿಸಿ ಪೆಟ್ರೋಲ್ ಕಾರೊಂದಕ್ಕೆ ನಾನು ಈ ಸಲ ನಾಲ್ಕು ಕಡೆ ದರ ಕೇಳಿದೆ: ದರ ಹೋಲಿಸಿ ತೋರಿಸುವ ಒಂದು ಜಾಲತಾಣ, ವಿಮಾ ಕಂಪನಿಗಳ ಸ್ವಂತ ಜಾಲತಾಣಗಳು, ಕಾರು ಕೊಂಡ ಶೋರೂಮು ಮತ್ತು ನಮ್ಮ ಬಡಾವಣೆಯ ಒಬ್ಬ ಏಜೆಂಟರು. ಈ ವಿಮರ್ಶೆ ಮುಖ್ಯವಾಗಿ ಮೊದಲನೆಯದರ ಕುರಿತು. ಉಳಿದ ಮೂರು ಅದರ ಪಕ್ಕದಲ್ಲಿಟ್ಟು ನೋಡುವುದಕ್ಕೆ.

ಮೊದಲು, ಚೌಕಾಸಿಗೆ ಆಸ್ಪದವೇ ಇಲ್ಲದ ಭಾಗವನ್ನು ಬದಿಗಿಡೋಣ. ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಇರಲೇಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಹೇಳುತ್ತದೆ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ, ಮತ್ತೊಮ್ಮೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಜೊತೆಗೆ ಮೂರು ತಿಂಗಳವರೆಗಿನ ಜೈಲು ಶಿಕ್ಷೆಗೂ ಅವಕಾಶವಿದೆ. ಈ ಭಾಗದ ಪ್ರೀಮಿಯಂ ಅನ್ನು ಕಂಪನಿಗಳು ನಿರ್ಧರಿಸುವುದಿಲ್ಲ, ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ 1000 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗಿನ ಕಾರಿಗೆ 3,416 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 7,897 ರೂಪಾಯಿ. ಇವುಗಳ ಮೇಲೆ ಶೇ. 18 ಜಿಎಸ್‌ಟಿ. ವಿದ್ಯುತ್ ಚಾಲಿತ ವಾಹನಕ್ಕೆ ಶೇ. 15ರಷ್ಟು ರಿಯಾಯಿತಿ ಉಂಟು. ಹೀಗಿರುವಾಗ ಸಾಮಾನ್ಯ ಪೆಟ್ರೋಲ್ ಕಾರಿನ ಥರ್ಡ್ ಪಾರ್ಟಿ ಪಾಲಿಸಿಗೆ ‘ವಿಶೇಷ ರಿಯಾಯಿತಿ’ ಎಂದು ಫೋನಿನಲ್ಲಿ ಯಾರಾದರೂ ಹೇಳಿದರೆ ಮಾತು ಮುಂದುವರಿಸುವ ಅಗತ್ಯವಿಲ್ಲ. ಪೈಪೋಟಿ ಇರುವುದೆಲ್ಲ ‘ಓನ್ ಡ್ಯಾಮೇಜ್’ ಭಾಗದಲ್ಲಿ, ಅಂದರೆ ನಮ್ಮ ಕಾರಿಗೇ ಆಗುವ ಹಾನಿ ಮತ್ತು ಕಳವಿನ ವಿಮೆಯಲ್ಲಿ. 2007ರಲ್ಲಿ ಈ ಭಾಗದ ದರನಿಯಂತ್ರಣ ತೆರವಾದ ಮೇಲೆ ಅದರ ದರ ಕಂಪನಿಯಿಂದ ಕಂಪನಿಗೆ ಬೇರೆಯಾಗಿದೆ; ಕಂಪನಿಗಳ ಚಾತುರ್ಯವೆಲ್ಲ ಅಲ್ಲಿಯೇ ಖರ್ಚಾಗುತ್ತದೆ.

ಹೋಲಿಕೆ ಜಾಲತಾಣದಲ್ಲಿ ಗಾಡಿಯ ನಂಬರು ಹಾಕಿದೊಡನೆ ಮಾದರಿ, ಇಂಧನ, ನೋಂದಣಿಯಾದ ವರ್ಷ ಎಲ್ಲವೂ ತಾವಾಗಿಯೇ ತುಂಬಿಕೊಳ್ಳುತ್ತವೆ. ಇದು ನಿಜಕ್ಕೂ ಮೆಚ್ಚತಕ್ಕ ಅನುಕೂಲ. ಆರ್‌ಸಿ ಹುಡುಕಲು ಬೀರು ತೆರೆಯಬೇಕಾಗಿಲ್ಲ. ಮುಂದಿನ ಪುಟದಲ್ಲಿ ಮೊಬೈಲ್ ನಂಬರು ಕೇಳುತ್ತದೆ, ಕೊಡದೆ ದರ ಕಾಣಿಸುವುದಿಲ್ಲ. ಕೊಟ್ಟ ಮೇಲೆ ದರಗಳು ಪರದೆಯಲ್ಲಿ ಪೂರ್ತಿ ಮೂಡುವ ಮುನ್ನವೇ ಫೋನು ಹೊಡೆದುಕೊಳ್ಳಲು ಶುರುವಾಗುತ್ತದೆ. ಕರೆ ಮಾಡಿದವರು ಹಿಂದಿಯಲ್ಲಿ ಆರಂಭಿಸಿ, ಕನ್ನಡದಲ್ಲಿ ಮಾತನಾಡುವವರು ಬೇಕೆಂದರೆ ‘ಕಾಲ್ ಬ್ಯಾಕ್’ ಎನ್ನುತ್ತಾರೆ. ಆ ಮೇಲಿನ ಕರೆಯೂ ಹಿಂದಿಯಲ್ಲಿಯೇ ಬರುತ್ತದೆ. ಕೊನೆಗೊಮ್ಮೆ ಕನ್ನಡದ ಹುಡುಗಿಯೊಬ್ಬರು ಸಿಕ್ಕರು. ‘ಸರ್, ಈ ರೇಟು ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ, ನಾಳೆ ಜಾಸ್ತಿ ಆಗುತ್ತೆ’ ಎಂದು ಅವರು ಬಹಳ ಸೌಜನ್ಯದಿಂದಲೇ ಹೇಳಿದರು. ನನ್ನ ಪಾಲಿಸಿ ಮುಗಿಯಲು ಇನ್ನೂ ಮೂರು ವಾರವಿತ್ತು. ಮರುದಿನ ನೋಡಿದಾಗ ದರ ಅಷ್ಟೇ ಇತ್ತು. ಹೇಳಿಕೊಟ್ಟದ್ದನ್ನು ಹೇಳುವುದು ಆ ಹುಡುಗಿಯ ಉದ್ಯೋಗ. ಹೇಳಿಕೊಡುವವರ ಮೇಲೆ ನನ್ನ ಆಕ್ಷೇಪವಿದೆ.

ಕರೆಗಳ ಕಾಟವನ್ನು ಸಹಿಸಬಹುದು. ಅದಕ್ಕಿಂತ ದೊಡ್ಡ ದೋಷ ದರಗಳನ್ನು ಜೋಡಿಸಿರುವ ರೀತಿಯಲ್ಲಿದೆ. ಕಾರು ಕಳವಾದರೆ ಅಥವಾ ದುರಸ್ತಿಗೆ ಮೀರಿ ಜಖಂಗೊಂಡರೆ ಕಂಪನಿ ಕೊಡುವ ಗರಿಷ್ಠ ಮೊತ್ತವನ್ನು ಐಡಿವಿ ಎನ್ನುತ್ತಾರೆ. ಕಾರಿಗೆ ಐದು ವರ್ಷ ತುಂಬುವವರೆಗೆ ಇದಕ್ಕೊಂದು ಕ್ರಮವಿದೆ: ಆರು ತಿಂಗಳೊಳಗಿನ ಕಾರಿನ ಬೆಲೆಯಲ್ಲಿ ಶೇ. 5 ಕಳೆಯುತ್ತಾರೆ, ವರ್ಷಗಳು ಕಳೆದಂತೆ ಅದು ಏರುತ್ತ ಹೋಗಿ ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 50 ಆಗುತ್ತದೆ. ಐದು ವರ್ಷ ದಾಟಿದ ಮೇಲೆ ಕಂಪನಿ ಮತ್ತು ಮಾಲೀಕರ ಪರಸ್ಪರ ಒಪ್ಪಿಗೆಯೇ ಆಧಾರ. ‘ಪರಸ್ಪರ ಒಪ್ಪಿಗೆ’ ಎಂಬುದು ಪರದೆಯ ಮೇಲೆ ಹೇಗೆ ನಡೆಯುತ್ತದೆ ಎಂದರೆ, ಪ್ರತಿ ಕಂಪನಿಯ ಅತಿ ಕಡಿಮೆ ಐಡಿವಿಯನ್ನು ಜಾಲತಾಣವೇ ಆರಿಸಿಕೊಂಡು ಅದಕ್ಕೆ ತಕ್ಕ ಪ್ರೀಮಿಯಂ ಅನ್ನು ದಪ್ಪಕ್ಷರದಲ್ಲಿ ತೋರಿಸುತ್ತದೆ, ಐಡಿವಿಯನ್ನು ಅದರ ಕೆಳಗೆ ಬೂದು ಬಣ್ಣದ ಸಣ್ಣಕ್ಷರದಲ್ಲಿ ಇಡುತ್ತದೆ. ನನ್ನ ಕಾರಿಗೆ ಪಟ್ಟಿಯ ಮೊದಲಲ್ಲಿದ್ದ ಕಂಪನಿ 3.2 ಲಕ್ಷ ಐಡಿವಿ ಹಿಡಿದಿತ್ತು, ನಾಲ್ಕನೆಯದು 4.1 ಲಕ್ಷ. ಎರಡರ ಪ್ರೀಮಿಯಂ ನಡುವಿನ ಅಂತರ ತೆರಿಗೆ ಸೇರಿ ಐನೂರು ರೂಪಾಯಿಯ ಆಸುಪಾಸು. ಕಾರು ಕಳವಾದರೆ ಇದೇ ಅಂತರ ತೊಂಬತ್ತು ಸಾವಿರವಾಗುತ್ತದೆ.

ಐಡಿವಿ ಕಡಿಮೆಯಾದರೆ ಇನ್ನೊಂದು ಪರಿಣಾಮವೂ ಇದೆ, ಅದನ್ನು ಯಾರೂ ಪ್ರಸ್ತಾಪಿಸುವುದಿಲ್ಲ. ದುರಸ್ತಿಯ ಖರ್ಚು ಐಡಿವಿಯ ಶೇ. 75ನ್ನು ಮೀರಿದರೆ ಕಾರನ್ನು ‘ಟೋಟಲ್ ಲಾಸ್’ ಎಂದು ಲೆಕ್ಕ ಹಾಕುತ್ತಾರೆ. 3.2 ಲಕ್ಷದ ಐಡಿವಿಗೆ ಆ ಮಿತಿ 2.4 ಲಕ್ಷ, 4.1 ಲಕ್ಷಕ್ಕೆ ಮೂರು ಲಕ್ಷ ದಾಟುತ್ತದೆ. ಅಂದರೆ ಚೆನ್ನಾಗಿ ದುರಸ್ತಿ ಮಾಡಿಸಿ ಓಡಿಸಬಹುದಾಗಿದ್ದ ಕಾರನ್ನೇ ಕಡಿಮೆ ಮೊತ್ತಕ್ಕೆ ಕೈಬಿಡಬೇಕಾದೀತು. ಎಲ್ಲ ಕಂಪನಿಗಳಿಗೂ ಒಂದೇ ಐಡಿವಿ ಹಾಕಿ ನೋಡುವ ಸೌಲಭ್ಯ ಈ ಜಾಲತಾಣದಲ್ಲಿ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅದು ಎರಡು ಪುಟ ಒಳಗಿದೆ. ಎಲ್ಲಕ್ಕೂ ನಾಲ್ಕು ಲಕ್ಷ ಎಂದು ಹಾಕಿದಾಗ ಪಟ್ಟಿಯ ಕ್ರಮವೇ ಬದಲಾಗಿ, ಮೊದಲಲ್ಲಿದ್ದ ಕಂಪನಿ ಐದನೆಯ ಸ್ಥಾನಕ್ಕೆ ಇಳಿಯಿತು.

ನೋ ಕ್ಲೇಮ್ ಬೋನಸ್ಸಿನದೂ ಇಂಥದೇ ಕಥೆ. ಕ್ಲೇಮು ಮಾಡದ, ಅಂದರೆ ಕಂಪನಿಯಿಂದ ಪರಿಹಾರ ಕೇಳದ, ಮೊದಲ ವರ್ಷಕ್ಕೆ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ, ಆಮೇಲೆ ಕ್ರಮವಾಗಿ 25, 35, 45 ಮತ್ತು 50. ಒಂದು ಕ್ಲೇಮು ಮಾಡಿದರೆ ಮತ್ತೆ ಸೊನ್ನೆಯಿಂದ ಆರಂಭ. ಇದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ, ಆದ್ದರಿಂದ ‘ಐವತ್ತು ಪರ್ಸೆಂಟ್ ಆಫ್’ ಎಂದಾಗ ಒಟ್ಟು ಬಿಲ್ಲು ಅರ್ಧವಾಗುವುದಿಲ್ಲ. ಓನ್ ಡ್ಯಾಮೇಜ್ 4,000 ರೂಪಾಯಿ ಎಂದು ಇಟ್ಟುಕೊಂಡರೆ, ಪೂರ್ತಿ ಬೋನಸ್ಸು ಇರುವವರಿಗೆ ಥರ್ಡ್ ಪಾರ್ಟಿ ಮತ್ತು ತೆರಿಗೆ ಸೇರಿ 6,391 ರೂಪಾಯಿ, ಇಲ್ಲದವರಿಗೆ 8,751. ಜಾಲತಾಣ ‘ಹಿಂದಿನ ವರ್ಷ ಕ್ಲೇಮು ಇಲ್ಲ’ ಎಂಬ ಉತ್ತರವನ್ನು ತಾನೇ ಗುರುತು ಹಾಕಿಟ್ಟಿರುತ್ತದೆ. ಕ್ಲೇಮು ಮಾಡಿದ್ದವರು ಅದನ್ನು ಗಮನಿಸದೆ ಹಣ ಕಟ್ಟಿದರೆ ಸುಳ್ಳು ಘೋಷಣೆ ಅವರದೇ ಆಗುತ್ತದೆ, ಮತ್ತು ಅದರ ಬಿಸಿ ತಟ್ಟುವುದು ಮುಂದಿನ ಕ್ಲೇಮಿನ ಸಮಯದಲ್ಲಿ. ಅಂದಹಾಗೆ, ಈ ಬೋನಸ್ಸು ಕಾರಿಗಲ್ಲ, ಮಾಲೀಕರಿಗೆ ಸೇರಿದ್ದು. ಹಳೆಯ ಕಾರು ಮಾರಿ ಹೊಸದು ಕೊಳ್ಳುವವರು ಅದನ್ನು ಹೊಸ ಕಾರಿಗೆ ತೆಗೆದುಕೊಂಡು ಹೋಗಬಹುದು. ಇದನ್ನು ಶೋರೂಮಿನಲ್ಲಿ ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಆಡ್-ಆನ್‌ಗಳ (ಹೆಚ್ಚು ಹಣ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ರಕ್ಷಣೆಗಳ) ವಿಷಯವನ್ನು ಒಂದು ಬಂಪರಿನ ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಿಂದಿನಿಂದ ಯಾರೋ ತಾಗಿಸಿದರು, 6,000 ರೂಪಾಯಿಯ ಪ್ಲಾಸ್ಟಿಕ್ ಬಂಪರು ಬದಲಿಸಬೇಕಾಯಿತು ಎನ್ನೋಣ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ; ಹಾಗಾಗಿ 3,000 ಉಳಿಯಿತು. ಅದರಲ್ಲಿ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಹೊರಬೇಕಾದ 1,000 ಹೋಯಿತು. ಕಂಪನಿ ಕೊಡುವುದು 2,000. ಇದನ್ನು ಪಡೆದದ್ದಕ್ಕೆ ಮುಂದಿನ ವರ್ಷ ಪೂರ್ತಿ ಬೋನಸ್ಸು ಹೋಗಿ, ಮೇಲಿನ ಲೆಕ್ಕದ ಪ್ರಕಾರವೇ 2,360 ರೂಪಾಯಿ ಹೆಚ್ಚು ಕಟ್ಟಬೇಕು, ಅದರ ಮುಂದಿನ ವರ್ಷಗಳ ನಷ್ಟ ಬೇರೆ. ಸವಕಳಿ ಕಳೆಯದ ‘ಝೀರೋ ಡೆಪ್’ ಆಡ್-ಆನ್ ಇದ್ದರೆ ಇದೇ ಬಂಪರಿಗೆ 5,000 ಸಿಗುತ್ತದೆ. ಆದರೆ ಐದು ವರ್ಷ ದಾಟಿದ ಕಾರಿಗೆ ಎಲ್ಲ ಕಂಪನಿಗಳೂ ಅದನ್ನು ಕೊಡುವುದಿಲ್ಲ, ಮತ್ತು ಜಾಲತಾಣದ ಮೊದಲ ಪುಟದ ದರಗಳಲ್ಲಿ ಅದು ಸೇರಿರುವುದಿಲ್ಲ. ಎಂಜಿನ್ ರಕ್ಷಣೆಯೂ ಅಷ್ಟೇ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕಾರುಗಳು ನೀರಿನಲ್ಲಿ ನಿಂತದ್ದನ್ನು ಕಂಡವರು ಈ ಊರಿನಲ್ಲಿ ಅದನ್ನು ಐಚ್ಛಿಕ ಎಂದು ಕರೆಯಲು ಹಿಂದೆಮುಂದೆ ನೋಡುತ್ತಾರೆ: ನೀರು ಹೊಕ್ಕ ಎಂಜಿನನ್ನು ಚಾಲೂ ಮಾಡಿ ಕೆಡಿಸಿಕೊಂಡರೆ ಅದು ಪ್ರವಾಹದ ನೇರ ಹಾನಿಯಲ್ಲ ಎಂದು ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮು ನಿಂತುಹೋಗಬಹುದು. ಇವೆರಡನ್ನೂ ಸೇರಿಸಿದಾಗ ನನಗೆ ತೋರಿಸಿದ್ದ ಅತಿ ಅಗ್ಗದ ದರಕ್ಕೂ ಕೊನೆಯ ದರಕ್ಕೂ ಸಂಬಂಧವೇ ಉಳಿಯಲಿಲ್ಲ.

ಬೇಡದಿದ್ದರೂ ಬಂದು ಸೇರಿಕೊಳ್ಳುವುದು ಇನ್ನೊಂದಿದೆ. ಮಾಲೀಕ-ಚಾಲಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ, ನಿಜ. ಆದರೆ ಅಷ್ಟು ಮೊತ್ತದ ಪ್ರತ್ಯೇಕ ಪಾಲಿಸಿ ಈಗಾಗಲೇ ಇದ್ದರೆ ಕಾರಿನ ಜೊತೆ ಮತ್ತೆ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಸ್ಕೂಟರು, ಕಾರು ಎರಡೂ ಇರುವವರು ಒಂದೇ ರಕ್ಷಣೆಗೆ ಎರಡು ಸಲ ಹಣ ಕೊಡುತ್ತಿರುವುದು ಸಾಮಾನ್ಯ.

ವಿಮಾ ಕಂಪನಿಗಳ ಸ್ವಂತ ಜಾಲತಾಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರೆಗಳು ಕಡಿಮೆ, ಐಡಿವಿ ಬದಲಿಸುವ ಜಾಗ ಕಣ್ಣೆದುರೇ ಇರುತ್ತದೆ, ಪಾಲಿಸಿಯ ನಿಯಮಗಳ ಪೂರ್ತಿ ಪಠ್ಯ ಸಿಗುತ್ತದೆ. ಆದರೆ ಒಂದೊಂದರಲ್ಲೂ ಅದೇ ವಿವರ ತುಂಬುತ್ತ ಕೂರುವ ತಾಳ್ಮೆ ಬೇಕು. ಶೋರೂಮಿನ ದರ ಎಲ್ಲಕ್ಕಿಂತ ಹೆಚ್ಚಿತ್ತು, ಜೊತೆಗೆ ‘ಇಲ್ಲೇ ಮಾಡಿಸಿದರೆ ಮಾತ್ರ ಕ್ಯಾಶ್‌ಲೆಸ್’ (ದುರಸ್ತಿಯ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುವ ಸೌಲಭ್ಯ) ಎಂಬ ಎಚ್ಚರಿಕೆಯೂ ಬಂತು. ಕ್ಯಾಶ್‌ಲೆಸ್ ಸೌಲಭ್ಯ ನಿಂತಿರುವುದು ಆ ವರ್ಕ್‌ಶಾಪಿಗೂ ವಿಮಾ ಕಂಪನಿಗೂ ಇರುವ ಒಪ್ಪಂದದ ಮೇಲೆ, ಪಾಲಿಸಿಯನ್ನು ಯಾರ ಮೂಲಕ ಕೊಂಡೆವು ಎಂಬುದರ ಮೇಲಲ್ಲ. ಕೇಳಿದ್ದಕ್ಕೆ ಅವರೂ ಇದನ್ನು ಒಪ್ಪಿಕೊಂಡು ದರವನ್ನು ಅಲ್ಲೇ ಒಂದಿಷ್ಟು ಇಳಿಸಿದರು. ಅಷ್ಟು ಸುಲಭವಾಗಿ ಇಳಿಯುವ ದರ ಮೊದಲು ಅಷ್ಟು ಏಕಿತ್ತು ಎಂದು ನಾನು ಕೇಳಲಿಲ್ಲ.

ಏಜೆಂಟರು ಸಾರ್ವಜನಿಕ ವಲಯದ ಕಂಪನಿಯವರು, ನಿವೃತ್ತಿಯ ಅಂಚಿನಲ್ಲಿರುವ ಹಿರಿಯರು. ಹಳೆಯ ಪಾಲಿಸಿಯ ಪ್ರತಿಯನ್ನು ತರಿಸಿಕೊಂಡು, ಐಡಿವಿ ಎಷ್ಟು ಬೇಕೆಂದು ಮೊದಲು ಕೇಳಿದರು, ಆಮೇಲೆ ಕ್ಲೇಮಿನ ಇತಿಹಾಸ, ಆಮೇಲೆ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದು. ದರವನ್ನು ಮರುದಿನ ಒಂದು ಹಾಳೆಯಲ್ಲಿ ಭಾಗಭಾಗವಾಗಿ ಬರೆದು ಕೊಟ್ಟರು. ಒಂದೇ ಐಡಿವಿ, ಒಂದೇ ಆಡ್-ಆನ್‌ಗಳನ್ನು ಇಟ್ಟು ನೋಡಿದಾಗ ಅವರ ದರ ಜಾಲತಾಣದ ಎರಡನೆಯ ಅತಿ ಕಡಿಮೆ ದರಕ್ಕಿಂತ ಇನ್ನೂರು ರೂಪಾಯಿಯಷ್ಟು ಹೆಚ್ಚಿತ್ತು. ತಮ್ಮ ಕಮಿಷನ್ನಿನಲ್ಲಿ ಒಂದು ಪಾಲು ಬಿಟ್ಟುಕೊಡುತ್ತೇವೆ ಎನ್ನುವ ಏಜೆಂಟರೂ ಇದ್ದಾರೆ. 1938ರ ವಿಮಾ ಕಾಯ್ದೆಯ 41ನೇ ಕಲಂ ಅದನ್ನು ನಿಷೇಧಿಸುತ್ತದೆ, ಮತ್ತು ಇವರು ಆ ಮಾತನ್ನೇ ಎತ್ತಲಿಲ್ಲ. ನಾನು ಪಾಲಿಸಿ ಮಾಡಿಸಿದ್ದು ಇವರಲ್ಲಿಯೇ. ಇನ್ನೂರು ರೂಪಾಯಿ ಆ ಹಾಳೆಯ ಬೆಲೆ ಎಂದು ನನ್ನ ಲೆಕ್ಕ.

ಹೋಲಿಕೆ ಜಾಲತಾಣಕ್ಕೆ ಐದರಲ್ಲಿ ಎರಡೂವರೆ ಕೊಡುತ್ತೇನೆ. ಅದಿಲ್ಲದಿದ್ದರೆ ಇಷ್ಟು ಕಂಪನಿಗಳ ದರ ಒಂದೆಡೆ ಸಿಗುತ್ತಿರಲಿಲ್ಲ, ಶೋರೂಮಿನವರು ದರ ಇಳಿಸುತ್ತಲೂ ಇರಲಿಲ್ಲ. ಅಂಕ ಕಳೆದದ್ದು ಐಡಿವಿಯನ್ನು ಬಚ್ಚಿಟ್ಟದ್ದಕ್ಕೆ ಮತ್ತು ‘ಇವತ್ತು ರಾತ್ರಿವರೆಗೆ ಮಾತ್ರ’ ಎಂಬ ಸುಳ್ಳಿಗೆ. ಬಳಸುವವರು ಪಾಲಿಸಿ ಮುಗಿಯುವ ಮೂರು-ನಾಲ್ಕು ವಾರ ಮೊದಲೇ ಬಳಸಬೇಕು, ಏಕೆಂದರೆ ಅವಧಿ ಮುಗಿದ ಮೇಲೆ ಕಾರಿನ ತಪಾಸಣೆ ಬೇಕಾಗುತ್ತದೆ, ಮತ್ತು 90 ದಿನ ದಾಟಿದರೆ ಅಲ್ಲಿಯವರೆಗೆ ಕೂಡಿಟ್ಟ ಬೋನಸ್ಸು ಪೂರ್ತಿ ಹೋಗುತ್ತದೆ. ಆಮೇಲಿನ ಕರೆಗಳಿಗೆ ಟೆಲಿಕಾಂ ಕಂಪನಿಯ 1909ಕ್ಕೆ ದೂರು ಕೊಡಬಹುದು. ಪಾಲಿಸಿಯಲ್ಲಿ ನಮೂದಾದದ್ದು ಪರದೆಯಲ್ಲಿ ಕಂಡದ್ದಕ್ಕಿಂತ ಬೇರೆಯಾಗಿದ್ದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣವಿದೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯೂ ಇದೆ. ದರ ತೋರಿಸಿದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರುವುದು ಇದಕ್ಕೆಲ್ಲ ಉಪಯೋಗಕ್ಕೆ ಬರುತ್ತದೆ. ಐಡಿವಿಯ ಸಣ್ಣಕ್ಷರವೂ ಓದುವಂತಿರಲಿ.