ಕೆಂಪು ರಟ್ಟಿನ ಮರ್ಫಿ: ಸಿಂಪಲ್ ಪ್ರೆಸೆಂಟ್ ಕಲಿಯೋಕೆ ಈ ಪುಸ್ತಕ ಹೇಗಿದೆ?

ನಮ್ಮ ಅತ್ತಿಗೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಇಂಗ್ಲಿಷ್ ಓದೋಕೆ ಬರುತ್ತದೆ, ಮಾತಾಡೋಕೆ ಹೋದರೆ ತಡವರಿಸುತ್ತಾರೆ. ಕನ್ನಡ ಬಾರದ ಗಿರಾಕಿಗಳು ಜಾಸ್ತಿಯಾದ ಮೇಲೆ ಕಲಿತೇ ಕಲಿಯುತ್ತೇನೆ ಅಂತ ಕೂತರು. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಯಿಂದ ರೇಮಂಡ್ ಮರ್ಫಿಯವರ ‘ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್’ ತಂದುಕೊಟ್ಟೆ. ಕೇಂಬ್ರಿಡ್ಜ್‌ನವರ ಕೆಂಪು ರಟ್ಟಿನದು. ನೀಲಿ ರಟ್ಟಿನದು ಇದರ ಮುಂದಿನ ಹಂತ, ಮೊದಲೇ ಅದನ್ನು ತಗೋಬೇಡಿ.

ಎರಡು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಓದುತ್ತಿದ್ದೇವೆ. ಎಡಗಡೆ ಪಾಠ, ಬಲಗಡೆ ಅಭ್ಯಾಸ. ಬರೆಯುವಾಗ ಮರೆತರೆ ಪಕ್ಕಕ್ಕೆ ಕಣ್ಣಾಡಿಸಿದರೆ ಆಯ್ತು. ನಾಲ್ಕನೇ ಆವೃತ್ತಿಯಲ್ಲಿ 115 ಯೂನಿಟ್ ಇವೆ. ಸಿಂಪಲ್ ಪ್ರೆಸೆಂಟ್, ಅಂದರೆ ದಿನಾ ಅಥವಾ ಸಾಮಾನ್ಯವಾಗಿ ಮಾಡೋದನ್ನು ಹೇಳುವ ಕ್ರಿಯಾಪದದ ರೂಪ, ಇರೋದು 5, 6, 7ರಲ್ಲಿ. ಮೊದಲು ‘ಐ ವರ್ಕ್’, ಆಮೇಲೆ ‘ಐ ಡೋಂಟ್ ವರ್ಕ್’, ಕೊನೆಗೆ ‘ಡು ಯು ವರ್ಕ್?’. ಒಂದೇ ಸಲ ಎಲ್ಲಾ ತುರುಕದೆ ಹೀಗೆ ಬಿಡಿಸಿ ಇಟ್ಟಿರೋದೇ ನನಗೆ ತುಂಬಾ ಹಿಡಿಸಿತು.

ಅತ್ತಿಗೆ ‘ಡಸ್ ಶಿ ವಾಂಟ್ಸ್ ಲೈನಿಂಗ್?’ ಅಂತ ಕೇಳುತ್ತಿದ್ದರು. ನಾನು ಎಷ್ಟು ತಿದ್ದಿದರೂ ನಿಲ್ಲುತ್ತಿರಲಿಲ್ಲ. ಒಂದು ರಾತ್ರಿ ಏಳನೇ ಯೂನಿಟ್ ಬರೆಯುತ್ತಾ ಬರೆಯುತ್ತಾ ಪೆನ್ಸಿಲ್ ಕೆಳಗಿಟ್ಟು, ‘ಓ, ವಾಂಟ್ಸ್‌ನಲ್ಲಿದ್ದ ಎಸ್‌ನ ಡಸ್ ಕಿತ್ಕೊಂಡುಬಿಡ್ತು, ಅಲ್ವಾ?’ ಅಂದರು. ಅಷ್ಟೇ, ಆಮೇಲೆ ಆ ತಪ್ಪು ತುಂಬಾ ಕಡಿಮೆಯಾಯಿತು. ‘ಐ ಆಮ್ ನಾಟ್ ನೋಯಿಂಗ್’ ಅನ್ನೋದಕ್ಕೂ ಎಂಟನೇ ಯೂನಿಟ್‌ನಲ್ಲಿ ಮದ್ದಿದೆ. ನೋ, ವಾಂಟ್, ಲೈಕ್, ನೀಡ್ ಇವಕ್ಕೆಲ್ಲ ಸಾಮಾನ್ಯವಾಗಿ ಐಎನ್‌ಜಿ ಹಾಕಬಾರದು ಅಂತ ನೇರವಾಗಿ ಹೇಳುತ್ತದೆ.

ಆದರೆ ನಮಗೆ ಬೇಕಾದ ಒಂದು ವಿಷಯ ಇದರಲ್ಲಿಲ್ಲ. ಎಲ್ಲಾ ಭಾಷೆಯವರಿಗೂ ಅಂತ ಮಾಡಿದ ಪುಸ್ತಕ, ಹಾಗಾಗಿ ಇರೋದೂ ಇಲ್ಲ. ಕನ್ನಡದಲ್ಲಿ ‘ಕೊಡ್ತೀನಿ’ ಅಂದರೆ ದಿನಾ ಕೊಡೋದೂ ಆಗುತ್ತದೆ, ನಾಳೆ ಕೊಡೋದೂ ಆಗುತ್ತದೆ. ಹಾಗಾಗಿ ಅತ್ತಿಗೆ ಗಿರಾಕಿಗೆ ‘ಐ ಗಿವ್ ಟುಮಾರೊ’ ಅಂದುಬಿಡುತ್ತಿದ್ದರು. ಇಂಗ್ಲಿಷಲ್ಲಿ ಅಲ್ಲಿ ‘ಐ ವಿಲ್ ಗಿವ್’ ಬೇಕು. ಕೊನೆಗೆ ನಾನೇ ಒಂದು ಹಾಳೆ ಬರೆದು ಐದನೇ ಯೂನಿಟ್‌ಗೆ ಅಂಟಿಸಿದೆ: ವಾಕ್ಯದಲ್ಲಿ ‘ದಿನಾ’ ಸೇರಿಸಿ ನೋಡಿ, ಅರ್ಥ ಕೆಡದಿದ್ದರೆ ಸಿಂಪಲ್ ಪ್ರೆಸೆಂಟ್, ‘ನಾಳೆ ಖಂಡಿತ’ ಅಂತ ಮಾತು ಕೊಡುತ್ತಿದ್ದರೆ ವಿಲ್. ನೂರಕ್ಕೆ ನೂರು ನಿಯಮ ಅಲ್ಲ, ಬಸ್ ಟೈಮ್ ಹೇಳುವಾಗ ‘ದ ಬಸ್ ಲೀವ್ಸ್ ಅಟ್ ಸಿಕ್ಸ್’ ಅಂತ ಮುಂದಾಗೋದಕ್ಕೂ ಸಿಂಪಲ್ ಪ್ರೆಸೆಂಟೇ ಬರುತ್ತದೆ. ಆದರೂ ಶುರುವಿಗೆ ಈ ಹಾಳೆ ತುಂಬಾ ಕೈಹಿಡಿಯಿತು. ಹೋದ ವಾರ ಹೊಸ ಗಿರಾಕಿಗೆ ‘ಐ ಸ್ಟಿಚ್ ಬ್ಲೌಸಸ್, ಐ ಡೋಂಟ್ ಸ್ಟಿಚ್ ಶರ್ಟ್ಸ್’ ಅಂತ ಅಳುಕಿಲ್ಲದೆ ಹೇಳಿದ್ದು ಕೇಳಿ ನನಗಂತೂ ಖುಷಿಯೋ ಖುಷಿ.

ಕೊಳ್ಳುವಾಗ ರಟ್ಟಿನ ಮೇಲೆ ‘ವಿತ್ ಆನ್ಸರ್ಸ್’ ಅಂತ ಇದೆಯಾ ನೋಡಿ, ಉತ್ತರ ಇಲ್ಲದ ಆವೃತ್ತಿಯೂ ಸಿಗುತ್ತದೆ. ಹಳೇ ಪ್ರತಿ ಆದರೆ ಬಲಗಡೆ ಪುಟಗಳನ್ನು ತಿರುವಿ ನೋಡಿ. ನಮ್ಮದರಲ್ಲಿ ಮೊದಲಿನವರು ಪೆನ್ಸಿಲ್‌ನಲ್ಲಿ ಎಲ್ಲಾ ತುಂಬಿಸಿದ್ದರು, ರಬ್ಬರ್ ಹಿಡಿದು ಅಳಿಸೋಕೆ ಒಂದು ಸಂಜೆ ಪೂರ್ತಿ ಬೇಕಾಯಿತು.