ಕೈಯಲ್ಲೇ ಮಾಡಿದ ಸಿಮೋಯ್ ಹೆಡ್‌ಫೋನ್ ಆಂಪ್: ಯಾರಿಗೆ ಬೇಕು, ಯಾರಿಗೆ ಬೇಡ

ಫೋನ್ ಜೊತೆ ಬಂದ ಇಯರ್‌ಫೋನ್‌ಗೆ ಈ ಆಂಪ್ (ಸದ್ದು ಜೋರು ಮಾಡುವ ಪುಟ್ಟ ಆಂಪ್ಲಿಫೈಯರ್) ಬೇಡ, ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಫೋನೇ ಸಾಕು, ಆಂಪ್ ಹಾಕಿದರೆ ಸುಮ್ನೆ ಹಿಸ್ ಅನ್ನೋ ಸದ್ದು ಜಾಸ್ತಿ. ನನ್ನ ಹತ್ತಿರ ಇರುವುದು 250 ಓಮ್‌ನ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹೆಡ್‌ಫೋನ್. ಓಮ್ ಇಷ್ಟು ಜಾಸ್ತಿ ಇದ್ದರೆ ಫೋನ್ ಕೊಡುವ ವೋಲ್ಟೇಜ್ ಸಾಲದು. ಫೋನ್ ವಾಲ್ಯೂಮ್ ಪೂರ್ತಿ ಏರಿಸಿದರೂ ಪಕ್ಕದ ಮನೆಯಲ್ಲಿ ಹಾಡು ಹಾಕಿದ ಹಾಗಿತ್ತು. ಈಗ ಮೃದಂಗದ ಎಡಭಾಗದ ಗುಮ್ಕಿ ಸರಿಯಾಗಿ ಕೇಳುತ್ತದೆ, ತಂಬೂರಿಯೂ ಬಿಡಿಬಿಡಿಯಾಗಿ ಕೇಳುತ್ತದೆ.

ಸರ್ಕ್ಯೂಟ್ ಚೂ ಮೋಯ್ ಅವರದ್ದು, ಅದಕ್ಕೇ ಆ ಹೆಸರು. ಒಂದು ಡ್ಯುಯಲ್ ಆಪ್-ಆಂಪ್ ಐಸಿ (ಎಡ, ಬಲ ಎರಡೂ ಕಿವಿಯ ಸಿಗ್ನಲ್ ಹಿಗ್ಗಿಸುವ ಚಿಪ್), 9 ವೋಲ್ಟ್ ಬ್ಯಾಟರಿ, ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್, ಅಷ್ಟೇ. ರೆಸಿಸ್ಟರ್ ಎಲ್ಲ ಕೆಟ್ಟ ರೇಡಿಯೋ ಬೋರ್ಡಿಂದ ಕಿತ್ತವೇ. ಹಳೆ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಮಾತ್ರ ಹಾಕಬೇಡಿ, ಒಣಗಿರುತ್ತವೆ. 220 ಮೈಕ್ರೋಫ್ಯಾರಡ್‌ನ ಹೊಸವು ಎರಡು ತನ್ನಿ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ.

ಐಸಿ ತಗೊಳ್ಳುವಾಗ ಹುಷಾರು. ಒಂದು ಅಂಗಡಿಯವರು ಒಪಿಎ2134 (ಇದಕ್ಕೆ ಹಾಕುವ ಒಂದು ಆಪ್-ಆಂಪ್) ಅಂತ ಕೊಟ್ಟದ್ದನ್ನು ಥಿನ್ನರ್ ಹಚ್ಚಿ ಉಜ್ಜಿದೆ. ಅಕ್ಷರ ಪೂರ್ತಿ ಅಳಿಸಿಹೋಯಿತು, ಅಡಿಯಲ್ಲಿ ಸ್ಯಾಂಡ್‌ಪೇಪರ್ ಎಳೆದ ಗೀರುಗಳು! ಅಂದರೆ ಬೇರೆ ಯಾವುದೋ ಐಸಿಯ ಹೆಸರು ಉಜ್ಜಿ ಈ ಹೆಸರು ಹಾಕಿದ್ದು. ವಾಪಸ್ ಕೊಡಲು ಹೋದರೆ "ಎಲ್ಲಾ ಹಂಗೇ ಬರೋದು ಸರ್" ಅಂದರು. ಐಸಿಯನ್ನು ನೇರ ಬೆಸುಗೆ ಹಾಕದೆ ಸಾಕೆಟ್ ಹಾಕಿ, ಆಮೇಲೆ ಬದಲಾಯಿಸಬಹುದು.

ಮೂಲ ಡಿಸೈನಿನಲ್ಲಿ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನೋದು) 11, ಫೋನಿಗೆ ಅದು ಅತಿಯಾಯಿತು. ಗೇನ್ ನಿರ್ಧರಿಸುವ ಫೀಡ್‌ಬ್ಯಾಕ್ ರೆಸಿಸ್ಟರ್ 10ಕೆ (10 ಕಿಲೋ ಓಮ್) ತೆಗೆದು 3.3ಕೆ ಹಾಕಿದ ಮೇಲೆ 4.3ಕ್ಕೆ ಇಳಿಯಿತು, ವಾಲ್ಯೂಮ್ ಗುಂಡಿ ನಿಧಾನಕ್ಕೆ ತಿರುಗಿಸಲು ಜಾಗ ಸಿಕ್ಕಿತು. ಆದರೂ ಹಳೆ ವಾಲ್ಯೂಮ್ ಕಂಟ್ರೋಲ್‌ದು ಒಂದು ಕಿರಿಕಿರಿ ಇದೆ: ಶುರುವಿನಲ್ಲಿ ಒಂಚೂರು ತಿರುಗಿಸಿದಾಗ ಎಡಗಿವಿಗೆ ಮಾತ್ರ ಕೇಳುತ್ತದೆ, ಇನ್ನೂ ಸ್ವಲ್ಪ ತಿರುಗಿಸಿದರೇನೇ ಬಲಕ್ಕೂ ಬರುವುದು.

ತಗಡಿನ ಡಬ್ಬಿಗೆ ಕೂರಿಸುವವರು ಇದನ್ನು ಗಮನಿಸಿ. ಇಲ್ಲಿ ಹೆಡ್‌ಫೋನ್ ಜ್ಯಾಕಿನ ಗ್ರೌಂಡ್ ಅಂದರೆ ಬ್ಯಾಟರಿಯ ಮೈನಸ್ ಅಲ್ಲ, ಎರಡು ರೆಸಿಸ್ಟರ್ ನಡುವೆ ಸಿಗುವ 4.5 ವೋಲ್ಟ್. ಜ್ಯಾಕಿನ ಲೋಹದ ಮೈ ಮೂಲಕ ಅದು ಡಬ್ಬಿಗೆ ತಾಗಿರುತ್ತದೆ; ಬ್ಯಾಟರಿ ಬದಲು ಹಾಕುವ ಅಡಾಪ್ಟರ್ ಸಾಕೆಟ್‌ನ ಮೈನಸ್ಸೂ ಅದೇ ಡಬ್ಬಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಬ್ಯಾಟರಿಯಲ್ಲೇ ಓಡಿಸಿದರೆ ಈ ರಗಳೆ ಇಲ್ಲ.

ಇನ್ನೊಂದು, ದುಬಾರಿ ಹೆಡ್‌ಫೋನ್ ಚುಚ್ಚುವ ಮೊದಲು ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿದು ಡಿಸಿ ವೋಲ್ಟೇಜ್ ನೋಡಿ. 20 ಮಿಲಿವೋಲ್ಟ್ ದಾಟಿದರೆ ಚುಚ್ಚಬೇಡಿ, ಎಲ್ಲೋ ಬೆಸುಗೆ ಬಿಟ್ಟಿರುತ್ತದೆ ಅಥವಾ ಐಸಿ ಡೂಪ್ಲಿಕೇಟ್.